ಸುಣ್ಣದ ಗೆರೆಯೊಳಗಿನ ಶುಕ್ರವಾರಗಳು

ಕಳೆದ ಜನವರಿಯಲ್ಲಿ ಮಗಳ ಮನೆಗೆಂದು ಕುವೈತಿಗೆ ಹೋಗಿದ್ದೆ. ಅವಳದು ಎಗೈಲಾದಲ್ಲಿ ಆರನೆಯ ಮಹಡಿಯ ಫ್ಲ್ಯಾಟು. ಬೆಳಿಗ್ಗೆ ಚಹಾ ಕುಡಿದು ಕೆಳಗಿಳಿದು, ಮಾಲ್‌ಗಳ ಹಿಂದಿನ ರಸ್ತೆಯಲ್ಲಿ ಒಂದು ಸುತ್ತು ನಡೆದು ಬರುತ್ತಿದ್ದೆ. ಒಂದು ದಿನ ಅಲ್ಲಿನ ಆಟದ ಬಯಲಿನಲ್ಲಿ ಬಂಗಾಳಿ ಕೆಲಸದವನೊಬ್ಬ ನೆಲಕ್ಕೆ ನೀರು ಚಿಮುಕಿಸಿ, ಅದರ ಮೇಲೆ ಸುಣ್ಣದ ಪುಡಿ ಉದುರಿಸುತ್ತ ಗೆರೆ ಎಳೆಯುತ್ತಿದ್ದ. ಒದ್ದೆ ಮರಳಿಗೆ ಸುಣ್ಣ ಬಿದ್ದಾಗ ಏಳುವ ವಾಸನೆಯೊಂದಿದೆ, ಮೂಗಿನ ಒಳಗೆ ಸ್ವಲ್ಪ ಉರಿಸುವಂಥದ್ದು. ನಾನು ಬೇಲಿಯ ತಂತಿ ಹಿಡಿದು ನಿಂತುಬಿಟ್ಟೆ.

"ಕ್ಯಾ ಹುವಾ ಚಾಚಾ?" ಎಂದು ಅವನು ಕೂಗಿ ಕೇಳಿದ.

ಕಣ್ಣಿಗೆ ಸುಣ್ಣ ಬಿತ್ತು ಎಂದೆ. ಅವನು ನಿಂತಿದ್ದುದು ಮೂವತ್ತು ಮಾರು ದೂರದಲ್ಲಿ. ಆದರೂ ಪಾಪ, ತನ್ನ ನೀರಿನ ಬಾಟಲಿ ತಂದುಕೊಟ್ಟ.

೧೯೯೦ರಲ್ಲಿ ನಾನು ಸಲ್ವಾದ ಹತ್ತಿರದ ಒಂದು ತರಬೇತಿ ಕಾಲೇಜಿನಲ್ಲಿ ಆಟದ ಸಾಮಾನಿನ ಸ್ಟೋರ್‌ಕೀಪರ್ ಆಗಿದ್ದೆ. ಉಳ್ಳಾಲದಿಂದ ಹೋಗಿ ಮೂರು ವರ್ಷವಾಗಿತ್ತು. ಚೆಂಡಿಗೆ ಗಾಳಿ ಹಾಕುವುದು, ಬನಿಯನ್ ಎಣಿಸಿ ಕೊಡುವುದು, ಸುಣ್ಣದ ಚೀಲ ಒದ್ದೆಯಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ನನ್ನ ಹೆಸರು ಅಬೂಬಕ್ಕರ್. ಆದರೆ ಕಾಲೇಜಿನಲ್ಲಿ ಯಾರಿಗೂ ಅದು ಬೇಕಾಗಿರಲಿಲ್ಲ. ಅಲ್ಲಿ ಕೆಳಗಿನ ಕೆಲಸದವರೆಲ್ಲ 'ರಫೀಕ್'. ರಫೀಕ್ ಎಂದರೆ ಗೆಳೆಯ ಎಂದು ಅರ್ಥ, ಕರೆಯುವ ಧಾಟಿಯಲ್ಲಿ ಗೆಳೆತನ ಮಾತ್ರ ಇರುತ್ತಿರಲಿಲ್ಲ.

ಆ ವರ್ಷದ ಜನವರಿಯಲ್ಲಿ ಕೋಚ್ ಅಮೋಸ್ ಬಂದರು. ಅಮೆರಿಕದವರು ಎಂದಾಗ ನಾವೆಲ್ಲ ಬಿಳಿಯ ದೊರೆಯೊಬ್ಬರನ್ನು ಎದುರು ನೋಡುತ್ತಿದ್ದೆವು. ಕಾರಿನಿಂದ ಇಳಿದದ್ದು ಅರವತ್ತರ ಹತ್ತಿರದ, ಆರಡಿ ಮೀರಿದ, ಕಪ್ಪು ಮೈಬಣ್ಣದ ಮನುಷ್ಯ. ಕೊರಳಲ್ಲಿ ಸೀಟಿ, ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ. ಸ್ಟೋರಿಗೆ ಬಂದವರೇ ಕೈ ನೀಡಿ, "ನಿಮ್ಮ ಹೆಸರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ರಫೀಕ್ ಎಂದೆ, ಅಭ್ಯಾಸಬಲದಿಂದ.

"ಅದು ಅವರು ಇಟ್ಟದ್ದು. ತಾಯಿ ಇಟ್ಟ ಹೆಸರು?"

ಹೇಳಿದೆ. ಪೆಟ್ಟಿಗೆಯಿಂದ ಒಂದು ಕಾರ್ಡು ತೆಗೆದು ನನ್ನಿಂದ ಅಕ್ಷರ ಕೇಳಿ ಕೇಳಿ ಬರೆದುಕೊಂಡರು. ಊರಿನ ವಿಳಾಸವನ್ನೂ ಬರೆಸಿಕೊಂಡರು. ಮೂರು ವರ್ಷದಲ್ಲಿ ಮೊದಲ ಸಲ ನನ್ನ ಪೂರ್ತಿ ಹೆಸರನ್ನು ಕೆಲಸದ ಜಾಗದಲ್ಲಿ ಒಬ್ಬರು ಬಾಯಿ ತುಂಬ ಹೇಳಿದ್ದರು. ಅದು ಎಷ್ಟು ಸಣ್ಣ ಸಂಗತಿ ಎಂದು ಈಗ ಅನ್ನಿಸಬಹುದು. ಅವತ್ತು ಅನ್ನಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ನಮ್ಮೂರ ಕಡೆಯ ಹತ್ತಿಪ್ಪತ್ತು ಜನ ಸಲ್ವಾದ ಒಂದು ಖಾಲಿ ಮರಳು ಬಯಲಿನಲ್ಲಿ ಫುಟ್‌ಬಾಲ್ ಆಡುತ್ತಿದ್ದೆವು. ಲಾಂಡ್ರಿಯವರು, ಬಕಾಲೆ ಎಂಬ ಕಿರಾಣಿ ಅಂಗಡಿಯವರು, ಡ್ರೈವರುಗಳು. ಇಟ್ಟಿಗೆಯೇ ಗೋಲಿನ ಕಂಬ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವಂಥ ಆಟ. ನನ್ನ ರೂಮಿನ ಹಸನಾಕ, ಎಂದರೆ ಹಸನಣ್ಣ, ನಮ್ಮ ಗೋಲ್‌ಕೀಪರು. ಬಂಟ್ವಾಳದವರು, ನನಗಿಂತ ಹದಿನೈದು ವರ್ಷ ದೊಡ್ಡವರು, ಸಲ್ವಾದ ಅರಬಿಯೊಬ್ಬರ ಮನೆಯಲ್ಲಿ ಅಡುಗೆ ಕೆಲಸ. ಹೊಟ್ಟೆ ಅಡ್ಡ ಬಂದೇ ಅರ್ಧ ಗೋಲು ತಪ್ಪುತ್ತಿತ್ತು.

ಒಂದು ಶುಕ್ರವಾರ ಕೋಚ್ ಸುಣ್ಣದ ಚೀಲ ಹೆಗಲ ಮೇಲೆ ಹೊತ್ತುಕೊಂಡು ಅಲ್ಲಿಗೆ ಬಂದರು. ನೀರು ಚಿಮುಕಿಸಿ, ಬಯಲಿನ ಸುತ್ತ ಗೆರೆ ಎಳೆಯತೊಡಗಿದರು.

"ಇದೆಂತ ಮಾರಾಯ," ಎಂದರು ಹಸನಾಕ. "ಕಾಲಿಗೆ ಬೂಟಿಲ್ಲ, ಗ್ರೌಂಡಿಗೆ ಮದುಮಗಳ ಶೃಂಗಾರ!"

ಅದನ್ನು ನಾನು ಹೇಗೋ ಇಂಗ್ಲಿಷಿಗೆ ತಿರುಗಿಸಿದೆ. ಕೋಚ್ ನಕ್ಕರು. ಗೆರೆ ಇಲ್ಲದ ಕಡೆ ಆಡುವವನಿಗೆ ತಾನು ಆಟಗಾರ ಎಂದು ನಂಬಿಕೆ ಬರುವುದಿಲ್ಲ ಎಂದರು. ಆಮೇಲೆ ಗೊತ್ತಾದ ತಮಾಷೆ ಏನೆಂದರೆ, ಅವರಿಗೆ ನಮ್ಮ ಫುಟ್‌ಬಾಲೇ ಗೊತ್ತಿರಲಿಲ್ಲ. ಅವರ ದೇಶದ ಫುಟ್‌ಬಾಲ್ ಬೇರೆ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು. "ನಿಮ್ಮ ಆಟ ನನಗೆ ಬರುವುದಿಲ್ಲ. ಯಾರು ಎಲ್ಲಿ ನಿಲ್ಲಬೇಕು, ಪಕ್ಕದವನನ್ನು ಹೇಗೆ ನಂಬಬೇಕು, ಅದು ಬರುತ್ತದೆ," ಎಂದರು. ಅಷ್ಟು ಸಾಕಾಯಿತು. ಏಪ್ರಿಲ್ ಹೊತ್ತಿಗೆ ನಾವು ಒಬ್ಬರ ಕಾಲಿಗೆ ಒಬ್ಬರು ಎಡವುವುದು ನಿಂತಿತ್ತು.

ಆಟ ಮುಗಿದ ಮೇಲೆ ಅವರದೊಂದು ಕ್ರಮ. ಎಲ್ಲರನ್ನೂ ಗೆರೆಯ ಮೇಲೆ ನಿಲ್ಲಿಸಿ, ಪೆಟ್ಟಿಗೆಯ ಕಾರ್ಡುಗಳನ್ನು ತೆಗೆದು ಒಬ್ಬೊಬ್ಬರ ಹೆಸರು ಕೂಗುವುದು. ಕೂಗಿದವನು 'ಇದ್ದೇನೆ' ಅನ್ನಬೇಕು. ಯಾರಾದರೂ ಡ್ಯೂಟಿ ಬಿದ್ದು ಬಾರದಿದ್ದರೆ ಗೈರುಹಾಜರಿ ಹಾಕುತ್ತಿರಲಿಲ್ಲ. ಒಂದು ಗಳಿಗೆ ಕಾದು, ತಾವೇ ಅವನ ಪರವಾಗಿ "ದಾರಿಯಲ್ಲಿದ್ದಾನೆ" ಎನ್ನುತ್ತಿದ್ದರು. ಎಲ್ಲ ಹೆಸರೂ ಮುಗಿದ ಮೇಲೆಯೇ ಕೊನೆಯ ಸೀಟಿ.

ಇದೇಕೆ ಹೀಗೆ ಎಂದು ಮೇ ತಿಂಗಳ ಒಂದು ಬೆಳಿಗ್ಗೆ ಕೇಳಿದೆ. ದೂಳಿನ ಗಾಳಿಗೆ ಆಟ ನಿಂತು ಸ್ಟೋರಿನಲ್ಲಿ ಕುಳಿತಿದ್ದೆವು. ಆಗ ಹೇಳಿದರು. ಅವರ ಊರು ಅಮೆರಿಕದ ದಕ್ಷಿಣದಲ್ಲಿ, ಹತ್ತಿ ಬೆಳೆಯುವ ಸೀಮೆ. ತಂದೆ ಚರ್ಚಿನ ಪಾದ್ರಿ. ಅಲ್ಲಿನ ಒಂದು ಬಿಳಿಯರ ಕಾಲೇಜಿನಲ್ಲಿ ಕೋಚ್ ಆದ ಮೊದಲ ಕಪ್ಪು ಮನುಷ್ಯ ಇವರು. ಮೊದಲ ದಿನ ಹೆಸರು ಕೂಗಿದಾಗ ಹುಡುಗರೆಲ್ಲ ಬೆನ್ನು ತಿರುಗಿಸಿ ನಿಂತರಂತೆ. ಒಬ್ಬನೂ 'ಇದ್ದೇನೆ' ಅನ್ನಲಿಲ್ಲ.

"ನೀವು ಏನು ಮಾಡಿದಿರಿ ಕೋಚ್?"

"ಏನು ಮಾಡುವುದು? ಪ್ರತಿ ಹೆಸರಿಗೂ ನಾನೇ ಹೇಳಿದೆ, ದಾರಿಯಲ್ಲಿದ್ದಾನೆ ಎಂದು. ಮೂರು ದಿನ ಹೇಳಿದೆ. ನಾಲ್ಕನೆಯ ದಿನ ಒಬ್ಬ ತಿರುಗಿದ."

ಮೂರನೆಯ ವರ್ಷಕ್ಕೆ ಆ ತಂಡ ಸುತ್ತಲಿನವರನ್ನೆಲ್ಲ ಸೋಲಿಸಿತು. ಗೆದ್ದ ತಂಡದ ಫೋಟೋ ಕಾಲೇಜಿನ ಗೋಡೆಗೆ ಏರಿತು. ಅದರಲ್ಲಿ ಕೋಚ್ ಇರಲಿಲ್ಲ. ಮರುವರ್ಷ ಕೆಲಸವೂ ಇರಲಿಲ್ಲ. ಬೇರೆ ಯಾವ ಕಾಲೇಜೂ ಕರೆಯಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ, ಪರದೇಶದಲ್ಲಿ ವ್ಯಾಯಾಮ ಕಲಿಸುವ ಕೆಲಸವಾದರೂ ಆಗಲಿ ಎಂದು ಇತ್ತ ಬಂದದ್ದು. ಇಷ್ಟನ್ನೂ ಅವರು ಹೇಳಿದ್ದು ಯಾರದೋ ಕತೆ ಹೇಳುವ ಹಾಗೆ.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಆ ದಿನಗಳ ಕತೆಯನ್ನು ಕುವೈತಿನಿಂದ ಬಂದ ಪ್ರತಿಯೊಬ್ಬನೂ ತನ್ನೂರಿನಲ್ಲಿ ನೂರು ಸಲ ಹೇಳಿದ್ದಾನೆ, ನಾನು ಹೇಳುವುದಿಲ್ಲ. ನನ್ನ ಪಾಸ್‌ಪೋರ್ಟು ನನ್ನ ವೀಸಾಕ್ಕೆ ಜವಾಬ್ದಾರನಾದ ಕಫೀಲನ ಕಪಾಟಿನಲ್ಲಿತ್ತು, ಕಫೀಲ ಬೇಸಿಗೆಗೆಂದು ಲಂಡನ್ನಿಗೆ ಹೋಗಿದ್ದ. ಜನವರಿ ಕೊನೆಗೆ ರಜೆಯಲ್ಲಿ ಊರಿಗೆ ಹೋಗಿ ಬಂದಿದ್ದೆ, ಈಗ ಅಲ್ಲಿ ಹೆಂಡತಿಗೆ ಏಳು ತಿಂಗಳು. ಫೋನಿಲ್ಲ, ಕಾಗದವಿಲ್ಲ.

ಎರಡು ವಾರದ ಮೇಲೆ, ಅಮೆರಿಕದವರು, ಇಂಗ್ಲೆಂಡಿನವರು ತಾವಾಗಿಯೇ ಬಂದು ಒಪ್ಪಿಸಿಕೊಳ್ಳಬೇಕು ಎಂಬ ಆಜ್ಞೆ ಹೊರಟಿತು. ಬಚ್ಚಿಟ್ಟವರಿಗೆ ಗಲ್ಲು ಎಂದು ಸುದ್ದಿ. ನಾನೂ ಹಸನಾಕನೂ ಕೋಚ್ ಇದ್ದ ಫ್ಲ್ಯಾಟಿಗೆ ಹೋದೆವು. ಅವರು ಪರದೆ ಎಳೆದು, ಸೀಟಿ ಹಾಕಿಕೊಂಡೇ ಕುಳಿತಿದ್ದರು.

"ಇವರನ್ನು ನೋಡಿದರೆ ಅಮೆರಿಕದವರು ಅಂತ ಯಾರು ಹೇಳ್ತಾರೆ?" ಎಂದರು ಹಸನಾಕ. "ಒಂದು ಉದ್ದ ಬಿಳಿ ಅಂಗಿ, ತಲೆಗೆ ಒಂದು ದೊಡ್ಡ ರುಮಾಲು ಸುತ್ತಿದ್ರೆ ಸಾಕು. ಪಕ್ಕಾ ಸುಡಾನಿನವರು!"

ಹಾಗೆ ಕೋಚ್ ಅಮೋಸ್ ಸುಡಾನಿನವರಾದರು. ಬಾಯಿ ಬಿಟ್ಟರೆ ಬಣ್ಣ ಬಯಲಾಗುವುದಕ್ಕೆ ಹಸನಾಕನ ಬಳಿ ಔಷಧಿಯಿತ್ತು. ದವಡೆಯಲ್ಲಿ ಹತ್ತಿಯ ಉಂಡೆ, ಅದರ ಮೇಲೆ ಲವಂಗದೆಣ್ಣೆ, ಗಲ್ಲದಿಂದ ನೆತ್ತಿಯವರೆಗೆ ಬಟ್ಟೆಯ ಕಟ್ಟು. ಹಲ್ಲುನೋವಿನವನನ್ನು ಯಾವ ಸೈನಿಕನೂ ಮಾತಾಡಿಸುವುದಿಲ್ಲ. ಪಾಸ್‌ಪೋರ್ಟನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಸುಣ್ಣದ ಚೀಲದ ತಳಕ್ಕೆ ಇಳಿಸಿ, ಕೋಚ್‌ರನ್ನೂ ಚೀಲವನ್ನೂ ನಮ್ಮ ರೂಮಿಗೇ ತಂದುಕೊಂಡೆವು. ರೂಮಿನ ಉಳಿದಿಬ್ಬರು ಮೊದಲ ಬಸ್ಸಿಗೇ ಜೋರ್ಡಾನಿನ ಕಡೆ ಹೊರಟುಹೋಗಿದ್ದರು. ಕೋಚ್ ನನ್ನನ್ನು ಕೇಳಿದರು, ನೀವು ಯಾವಾಗ ಎಂದು.

"ನೀವು ಹೋಗುವವರೆಗೆ ನಾನೂ ಹೋಗುವುದಿಲ್ಲ ಕೋಚ್," ಎಂದೆ.

ಮಾತು ಕೊಟ್ಟದ್ದು ನಾನೇ. ಯಾರೂ ಕೇಳಿರಲಿಲ್ಲ.

ಸೆಪ್ಟೆಂಬರಿನ ಒಂದು ದಿನ ನಮ್ಮ ಬೀದಿಯ ಮಸೀದಿಯ ಹತ್ತಿರ ಕಾವಲಿದ್ದ ಸೈನಿಕನೊಬ್ಬ ಹಸನಾಕನನ್ನು ತಡೆದು, "ನಿಮ್ಮ ರೂಮಿನ ಸುಡಾನಿ ಶುಕ್ರವಾರದ ಜುಮಾ ನಮಾಜಿಗೆ ಬರುವುದಿಲ್ಲವೇ?" ಎಂದು ಕೇಳಿದ. ಹಸನಾಕ ರೂಮಿಗೆ ಬಂದಾಗ ಅವರ ಬನಿಯನ್ ಬೆವರಿನಿಂದ ಹಿಂಡುವ ಹಾಗಿತ್ತು. ಅದು ಬರೀ ಸೆಕೆಯ ಬೆವರಲ್ಲ.

ಶುಕ್ರವಾರಕ್ಕೆ ನಾಲ್ಕು ದಿನವಿತ್ತು. ಕೋಚ್‌ಗೆ ನಮಾಜು ಕಲಿಸಲು ಕುಳಿತೆವು. ಮೊದಲು ಅವರು ಒಪ್ಪಲಿಲ್ಲ. ನಾನು ಪಾದ್ರಿಯ ಮಗ, ನಿಮ್ಮ ದೇವರ ಮುಂದೆ ನಿಂತು ನಾಟಕ ಆಡಲಾರೆ ಎಂದರು. ಆ ಮಾತನ್ನು ಹಸನಾಕನಿಗೆ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ.

"ಯಾರು ಯಾಕೆ ನಿಂತದ್ದು ಅಂತ ಮೇಲಿನವನಿಗೆ ಗೊತ್ತುಂಟು. ಅವನಿಗೆ ನಾವು ವಿವರಿಸಿ ಹೇಳ್ಲಿಕ್ಕೆ ಹೋಗುವುದು ಬೇಡ. ಜೀವ ಉಳೀಲಿ ಅಂತ ನಿಲ್ಲುವುದು, ಅದೂ ಒಂದು ಪ್ರಾರ್ಥನೆಯೇ ಅಲ್ವಾ?"

ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಕೋಚ್ ಎದ್ದು ನಿಂತರು. ಆಮೇಲೆ ಅವರು ಕಲಿತ ರೀತಿಯೇ ಬೇರೆ. ಕೈ ಎತ್ತುವುದು, ಎದೆಯ ಕೆಳಗೆ ಎಡಗೈ ಮೇಲೆ ಬಲಗೈ ಕಟ್ಟುವುದು, ಬಾಗುವುದು, ಹಣೆ ಊರುವುದು. ಆಟದ ಅಭ್ಯಾಸದಂತೆ "ಮತ್ತೊಮ್ಮೆ, ಮತ್ತೊಮ್ಮೆ" ಎಂದು ನಮ್ಮನ್ನೇ ಸುಸ್ತು ಮಾಡಿಸಿದರು. ಗುರುವಾರದ ಹೊತ್ತಿಗೆ ಉಳ್ಳಾಲದ ಯಾವ ಹಿರಿಯರೂ ತಪ್ಪು ಹಿಡಿಯಲಾಗದಂತೆ ಪಳಗಿದ್ದರು. ತಪ್ಪು ಇದ್ದದ್ದು ಅಲ್ಲಿಯೇ.

ಜುಮಾಕ್ಕೆ ಮಸೀದಿಯ ಹಿಂದಿನ ಸಾಲಿನಲ್ಲಿ ನಿಂತೆವು. ಕೋಚ್‌ನ ಎಡಕ್ಕೆ ನಾನು. ಬಾಗಿಲ ಬಳಿ ಚಪ್ಪಲಿಗಳ ಪಕ್ಕ ಬಂದೂಕು ಹಿಡಿದ ಇಬ್ಬರು ಸೈನಿಕರು, ಅದರಲ್ಲಿ ಒಬ್ಬ ಹಸನಾಕನನ್ನು ಕೇಳಿದವನೇ. ಆಗ ಕೋಚ್‌ನ ಬಲಕ್ಕೆ ಇದ್ರೀಸ್ ಎಂಬ ಮುದುಕ ಬಂದು ನಿಂತರು. ಪಕ್ಕದ ಕಟ್ಟಡದ ಕಾವಲುಗಾರ, ನಿಜವಾದ ಸುಡಾನಿ. ಇಮಾಮರು ನಮಾಜು ಶುರು ಮಾಡಿದರು. ಕೋಚ್ ನಾವು ಕಲಿಸಿದ ಹಾಗೆ ಕೈ ಎತ್ತಿ ಎದೆಯ ಕೆಳಗೆ ಅಚ್ಚುಕಟ್ಟಾಗಿ ಕಟ್ಟಿದರು. ಇದ್ರೀಸರ ಕೈಗಳು ಎರಡೂ ಪಕ್ಕದಲ್ಲಿ ನೇರ ಕೆಳಗೆ ಇಳಿದಿದ್ದವು.

ಆಗ ಹೊಳೆಯಿತು. ನಾವು ಶಾಫಿ ಪಂಥದವರು, ಕೈ ಕಟ್ಟಿ ನಿಲ್ಲುವವರು. ಅವರ ಕಡೆಯ ಹಳಬರು ಮಾಲಿಕಿಗಳು, ಕೈ ಬಿಟ್ಟು ನಿಲ್ಲುವವರು. ಎಷ್ಟೋ ಶುಕ್ರವಾರ ಅದೇ ಮುದುಕನ ಹಿಂದೆ ನಿಂತು ನೋಡಿದ್ದರೂ, ಕಲಿಸುವಾಗ ನಮಗೆ ನಮ್ಮೂರೊಂದೇ ನೆನಪಾಗಿತ್ತು. ಸುಡಾನಿನ ಅಂಗಿ ತೊಡಿಸಿ ಉಳ್ಳಾಲದ ನಮಾಜು ಕಲಿಸಿದ್ದೆವು.

ಇದ್ರೀಸ್ ಓರೆಗಣ್ಣಿನಲ್ಲಿ ಒಮ್ಮೆ ನೋಡಿದರು. ಆ ನೋಟ ಕೋಚ್‌ನ ಕೈಯ ಮೇಲೆ ಬಿತ್ತು, ಮುಖದ ಕಟ್ಟಿನ ಮೇಲೆ ಬಿತ್ತು, ಹಾದು ನನ್ನ ಮೇಲೂ ಬಿತ್ತು. ನಾನು ಬಾಯಲ್ಲಿ ಏನು ಓದುತ್ತಿದ್ದೆನೋ ಗೊತ್ತಿಲ್ಲ. ಮುದುಕನ ಎಡಗೈ ನಿಧಾನವಾಗಿ ಬಂದು ಕೋಚ್‌ನ ಮಣಿಕಟ್ಟು ಹಿಡಿಯಿತು. ಮಗುವಿನ ಅಂಗಿ ಸರಿ ಮಾಡುವವರ ಹಾಗೆ, ಕಟ್ಟಿದ ಕೈಯನ್ನು ಬಿಡಿಸಿ ಕೆಳಗಿಳಿಸಿ, ಒಮ್ಮೆ ಮೆಲ್ಲಗೆ ತಟ್ಟಿ, ತನ್ನ ಜಾಗಕ್ಕೆ ಮರಳಿತು.

ನಮಾಜು ಮುಗಿದದ್ದೇ ತಡ ಇದ್ರೀಸ್ ಎದ್ದು ಕೋಚ್‌ನನ್ನು ತಬ್ಬಿಕೊಂಡರು. ಬಾಗಿಲವರೆಗೆ ಕೇಳುವಂತೆ ಅರಬಿಯಲ್ಲಿ, "ಅಕ್ಕನ ಮಗನೇ, ಈ ಹಿಂದೂಸ್ತಾನಿಗಳ ಜೊತೆ ಇದ್ದು ಇದ್ದು ನಮ್ಮ ಪದ್ಧತಿಯನ್ನೇ ಮರೆತೆಯಾ? ನಡಿ, ಮನೆಗೆ ನಡಿ!" ಎಂದು ಬೈದು ನಕ್ಕರು. ಸೈನಿಕನೂ ನಕ್ಕ. ಕೋಚ್ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಬೀದಿಯ ತಿರುವಿನಲ್ಲಿ ಇದ್ರೀಸ್ ನನ್ನ ಕಿವಿಯ ಹತ್ತಿರ ಬಗ್ಗಿ ಹರಕುಮುರುಕು ಹಿಂದಿಯಲ್ಲಿ ಹೇಳಿದರು, "ನಮಾಜು ಸರಿ ಇದೆ ಬೇಟಾ. ಊರು ತಪ್ಪಿದೆ."

ಅಂದೇ ಕೋಚ್ ಇದ್ರೀಸರ ಕೋಣೆಗೆ ಹೋದರು, ಅಕ್ಕನ ಮಗನಾಗಿ. ಸುಣ್ಣದ ಚೀಲವೂ ಹೋಯಿತು. ನಾನು ದಿನಾ ಮಧ್ಯಾಹ್ನ ಕುಬ್ಬೂಸು ರೊಟ್ಟಿ ತೆಗೆದುಕೊಂಡು ಹೋಗುತ್ತಿದ್ದೆ. ಒಮ್ಮೆ ಕೋಚ್ ಬಾಯಿಯ ಹತ್ತಿ ತೆಗೆದಿಟ್ಟು ಹೇಳಿದರು, "ನನ್ನ ಕಾಲೇಜಿನವರು ಮುಖ ನೋಡಿ ನೀನು ನಮ್ಮವನಲ್ಲ ಎಂದರು. ಈ ಮುದುಕನೂ ಮುಖ ನೋಡಿಯೇ ನಮ್ಮವನು ಎಂದ. ಅದೇ ಮುಖ, ಅಬೂಬಕ್ಕರ್." ಹೇಳಿ ಮುಸಿಮುಸಿ ನಕ್ಕರು. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ, ನೋಡಲಿಲ್ಲ ಎಂದು ನಟಿಸಿದೆ.

ಸೆಪ್ಟೆಂಬರ್ ಕೊನೆಗೆ ಬಸ್ಸಿನ ಪಟ್ಟಿಯಲ್ಲಿ ನನ್ನದೂ ಹಸನಾಕನದೂ ಹೆಸರು ಬಂತು, ಪಾಸ್‌ಪೋರ್ಟಿಲ್ಲದ ನನಗೆ ನಮ್ಮ ರಾಯಭಾರ ಕಚೇರಿಯವರು ಒಂದು ಕಾಗದ ಬರೆದುಕೊಟ್ಟರು. ಮರುದಿನ ಬೆಳಿಗ್ಗೆಯೇ ಬಸ್ಸು. ನಾನು ಹೋಗುವುದಿಲ್ಲ ಎಂದೆ.

ಹಸನಾಕನಿಗೆ ಸಿಟ್ಟು ಬಂತು. "ನಿನ್ನ ಹೆಂಡತಿ ದಿನ ಎಣಿಸ್ತಾ ಇದ್ದಾಳೆ. ನೀನು ಇದ್ದೀಯೋ ಸತ್ತಿದ್ದೀಯೋ ಅಂತ ಅವಳಿಗೆ ಗೊತ್ತಿಲ್ಲ. ಕೋಚ್‌ಗೆ ಈಗ ಇದ್ರೀಸ್ ಇದ್ದಾರೆ. ಅವಳಿಗೆ ಯಾರಿದ್ದಾರೆ, ಹೇಳು?"

ರಾತ್ರಿಯೇ ಚೀಲ ಕಟ್ಟಿಟ್ಟೆ. ಬೆಳಿಗ್ಗೆ ವಿದಾಯ ಹೇಳಲೆಂದು ಇದ್ರೀಸರ ಕೋಣೆಯವರೆಗೆ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಕೋಚ್ ನನಗೆ ಬೆನ್ನು ಹಾಕಿ ಕುಳಿತು ಅಕ್ಕಿ ತೊಳೆಯುತ್ತ, ಮೆಲುದನಿಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು. ಕಿವಿಗೊಟ್ಟೆ. ಹೆಸರುಗಳು. ಆ ಹಳೆಯ ಕಾಲೇಜಿನ ಹುಡುಗರದು ಮುಗಿದು ನಮ್ಮ ಶುಕ್ರವಾರದವರದು ಬಂತು. "ಹಸನ್... ಅಬೂಬಕ್ಕರ್..." ಎಂದು ನಿಲ್ಲಿಸಿದರು. 'ಇದ್ದೇನೆ' ಎಂದರೆ ಸುಳ್ಳಾಗುತ್ತಿತ್ತು. ಹೋಗುತ್ತಿದ್ದೇನೆ ಎನ್ನಲು ನಾಲಿಗೆ ಏಳಲಿಲ್ಲ. ಕುಬ್ಬೂಸಿನ ಕಟ್ಟನ್ನು ಹೊಸ್ತಿಲಲ್ಲಿಟ್ಟು, ಸದ್ದಾಗದಂತೆ ಹಿಂದಕ್ಕೆ ಹೆಜ್ಜೆಯಿಟ್ಟೆ. ನಾನು ಮಾಡಿದ್ದು ಹೇಡಿತನ. ಮೂವತ್ತು ವರ್ಷ ದಾಟಿದರೂ ಅದಕ್ಕೆ ಬೇರೆ ಹೆಸರು ಸಿಕ್ಕಿಲ್ಲ.

ಊರು ಸೇರಿದ ಹದಿನೇಳನೆಯ ದಿನ ಮಗಳು ಹುಟ್ಟಿದಳು.

ಮತ್ತೆ ನಾನು ಕುವೈತಿಗೆ ಹೋದದ್ದು ೧೯೯೧ರ ಡಿಸೆಂಬರಿನಲ್ಲಿ. ಇರಾಕಿನವರು ಸೋತು ಓಡುವಾಗ ಹಚ್ಚಿದ್ದ ಎಣ್ಣೆಬಾವಿಗಳ ಬೆಂಕಿ ಆರಿತ್ತು, ಮಸಿ ಹೋಗಿರಲಿಲ್ಲ. ಸಲ್ವಾದ ಗೋಡೆಗಳೆಲ್ಲ ಅಡುಗೆಮನೆಯ ಮಾಡಿನಂತೆ ಕಪ್ಪಾಗಿದ್ದವು. ವಿಮಾನ ಇಳಿದ ಮರುದಿನವೇ ಇದ್ರೀಸರ ಕೋಣೆ ಹುಡುಕಿದೆ. ಅಲ್ಲಿ ಬೇರೆ ಯಾರೋ ಇದ್ದರು. ಸುಡಾನಿನವರಿಗೆ ಯುದ್ಧ ಮುಗಿದ ಮೇಲೆ ಅಲ್ಲಿರುವುದು ಕಷ್ಟವಾಯಿತು, ಅವರ ಸರ್ಕಾರ ಇರಾಕಿನ ಕಡೆ ವಾಲಿತ್ತಲ್ಲ. ಮುದುಕ ಒಂದು ಚೀಲ ಹಿಡಿದು ಹೋದ ಎಂದಷ್ಟೇ ಬಕಾಲೆಯವನಿಗೆ ಗೊತ್ತಿತ್ತು. ಒಬ್ಬನ ಪ್ರಾಣ ಉಳಿಸಿದ ಊರಿನ ಹೆಸರೇ ಅವರನ್ನು ಹೊರಹಾಕಿತು. ಬಯಲಿಗೆ ಹೋದೆ. ಕಾಲಿನಿಂದ ಮಸಿ ಕೆದರಿ ನೋಡಿದೆ, ಎಲ್ಲಾದರೂ ಬಿಳಿ ಗೆರೆ ಕಾಣುತ್ತದೆಯೇ ಎಂದು. ಕಾಣಲಿಲ್ಲ. ಕೋಚ್ ಏನಾದರು ಎಂದು ಹೇಳುವವರು ಆ ಊರಿನಲ್ಲಿ ಒಬ್ಬರೂ ಇರಲಿಲ್ಲ.

ಮಗಳು ಎಂಟನೆಯ ಕ್ಲಾಸಿನಲ್ಲಿದ್ದಾಗ ಉಳ್ಳಾಲದ ಮನೆಗೆ ಅಮೆರಿಕದಿಂದ ಒಂದು ಕಾಗದ ಬಂತು. ನಾನು ಆಗ ರಜೆಯಲ್ಲಿದ್ದೆ. ಕೋಚ್‌ನ ಮಗಳು ಬರೆದದ್ದು. ನನ್ನ ಮಗಳೇ ಓದಿ ಕನ್ನಡದಲ್ಲಿ ಹೇಳಿದಳು. ೧೯೯೦ರ ಡಿಸೆಂಬರಿನಲ್ಲಿ ಇರಾಕಿನವರು ಪರದೇಶದವರನ್ನು ಬಿಟ್ಟಾಗ ಅಪ್ಪ ಸುಣ್ಣ ಮೆತ್ತಿದ ಪಾಸ್‌ಪೋರ್ಟು ಹಿಡಿದು ಊರು ಸೇರಿದರಂತೆ. ಯಾವ ಕಾಲೇಜೂ ಮತ್ತೆ ಕರೆಯಲಿಲ್ಲ. ತಮ್ಮೂರ ಶಾಲೆಯ ತಂಡಕ್ಕೆ ಕೋಚ್ ಆದರು. ಅಂದು ಬೆನ್ನು ತಿರುಗಿಸಿದವರಲ್ಲಿ ಕೆಲವರು ತಮ್ಮ ಮಕ್ಕಳನ್ನು ಕರೆತಂದು ಅವರ ಗೆರೆಯ ಮೇಲೆ ನಿಲ್ಲಿಸಿದರು. ಈಗ ಅವರು ತೀರಿಕೊಂಡಿದ್ದಾರೆ, ಆ ಬಯಲಿಗೆ ಅವರದೇ ಹೆಸರು. ಪೆಟ್ಟಿಗೆಯಲ್ಲಿ ಸಿಕ್ಕ ಕಾರ್ಡಿನಿಂದ ನಿಮ್ಮ ವಿಳಾಸ ತಿಳಿಯಿತು, ಒಂದು ಸಂಗತಿ ಹೇಳಲೇಬೇಕಿತ್ತು ಎಂದು ಬರೆದಿದ್ದಳು.

ಪ್ರತಿ ಸಂಜೆ ಶಾಲೆಯ ಹುಡುಗರ ಹೆಸರು ಕೂಗಿ ಮುಗಿಸಿದ ಮೇಲೆ, ಅಪ್ಪ ಯಾರಿಗೂ ಗೊತ್ತಿಲ್ಲದ ಇನ್ನಷ್ಟು ಹೆಸರು ಕೂಗುತ್ತಿದ್ದರು. ಇದ್ರೀಸ್. ಹಸನ್. ಕೊನೆಯಲ್ಲಿ ಯಾವಾಗಲೂ ಅಬೂಬಕ್ಕರ್. ಅಲ್ಲಿ ಉಳಿದವುಗಳಿಗಿಂತ ಹೆಚ್ಚು ಹೊತ್ತು ಕಾಯುತ್ತಿದ್ದರು. ಆಮೇಲೆ ತಾವೇ ಹೇಳುತ್ತಿದ್ದರು, "ದಾರಿಯಲ್ಲಿದ್ದಾನೆ." ಹೇಳಿ, ಕೊನೆಯ ಸೀಟಿ ಊದುತ್ತಿದ್ದರು.

ಎಗೈಲಾದಲ್ಲಿ ಸುಣ್ಣದ ವಾಸನೆ ಹಿಡಿದ ಆ ದಿನ ಸಂಜೆ ಮಗಳಿಗೆ ಹೇಳಿದೆ, ನನ್ನನ್ನು ಸಲ್ವಾಕ್ಕೆ ಕರೆದುಕೊಂಡು ಹೋಗು ಎಂದು. ಬಯಲಿದ್ದ ಕಡೆ ಈಗ ಕಾರು ನಿಲ್ಲಿಸುವ ಜಾಗ. ಡಾಮರಿನ ಮೇಲೆ ಬಿಳಿಯ ಗೆರೆಗಳು, ಒಂದೊಂದು ಕಾರಿಗೆ ಒಂದೊಂದು ಮನೆಯಂತೆ.

"ಇಲ್ಲೇನಾ ಪಪ್ಪಾ? ಆರ್ ಯು ಶೂರ್?" ಎಂದಳು ಮಗಳು.

ಇಲ್ಲೇ ಎಂದೆ. ಅವಳು ಕಾರಿನಲ್ಲೇ ಕುಳಿತಿದ್ದಳು. ನಾನು ಇಳಿದು ಹೋಗಿ ಒಂದು ಗೆರೆಯ ಮೇಲೆ ಎರಡೂ ಪಾದ ಕೂಡಿಸಿ ನಿಂತೆ. ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟೆ.

"ಬಂದೆ ಕೋಚ್," ಎಂದೆ. "ಇದ್ದೇನೆ."